ಗಡ್ಡೆಯ ನೆರಳು, ಗಡ್ಡೆಯ ಹೆಸರು

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರು, ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು, ಕನಕಪುರ, ಮಾಗಡಿ ಕಡೆ ಬಂಡೆ ಒಡೆಯುವವರು ಸೊಂಟನೋವನ್ನು ದುಡಿಮೆಯ ಜತೆಗೇ ಬಂದದ್ದೆಂದು ತಿಳಿಯುವುದು ಸಹಜ. ಎಣ್ಣೆ ತಿಕ್ಕಿ, ಶಾಖ ಕೊಟ್ಟು, ಮಾತ್ರೆ ನುಂಗಿ ಮತ್ತೆ ಕೆಲಸಕ್ಕೆ ಕೂರುತ್ತಾರೆ. ಬಹುಪಾಲು ನೋವು ಅಷ್ಟಕ್ಕೇ ಮುಗಿಯುತ್ತದೆ. ಅಪರೂಪಕ್ಕೊಮ್ಮೆ ಮಾತ್ರ ಅದರ ಹಿಂದೆ ಕಾರ್ಡೋಮಾ ಎಂಬ ಗಡ್ಡೆ ಅಡಗಿರುತ್ತದೆ. ಅದನ್ನು ಖಚಿತವಾಗಿ ಗುರುತಿಸುವ ವಿದ್ಯೆ ಕೈಗೂಡಲು ವೈದ್ಯಲೋಕಕ್ಕೆ ಸುಮಾರು 150 ವರ್ಷ ಹಿಡಿಯಿತು.

ವರ್ಷಕ್ಕೆ 10 ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಇದು ಕಾಣಿಸಿಕೊಳ್ಳುತ್ತದೆ ಎಂಬುದು ಪಾಶ್ಚಾತ್ಯ ದೇಶಗಳ ಲೆಕ್ಕ. 2011ರ ಜನಗಣತಿಯಂತೆ ಈ ನಾಲ್ಕು ತಾಲ್ಲೂಕುಗಳ ಜನಸಂಖ್ಯೆ 10.82 ಲಕ್ಷ. ಆ ಲೆಕ್ಕ ಇಲ್ಲಿಗೂ ಹೊಂದುವುದಾದರೆ ವರ್ಷಕ್ಕೆ ಒಬ್ಬ ರೋಗಿ. ತಾಲ್ಲೂಕಿನ ವೈದ್ಯರೊಬ್ಬರು ತಮ್ಮ ಇಡೀ ವೃತ್ತಿಜೀವನದಲ್ಲಿ ಒಂದನ್ನೂ ನೋಡದೇ ಇರಬಹುದು. ಕಾಣದ ರೋಗವನ್ನು ಶಂಕಿಸುವುದಾದರೂ ಹೇಗೆ?

ಹೆಸರಿನ ಇತಿಹಾಸದಲ್ಲೇ ಇದರ ಕಷ್ಟ ಕಾಣುತ್ತದೆ. 1857ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ತಲೆಬುರುಡೆಯ ತಳದಲ್ಲಿದ್ದ ಲೋಳೆಯಂಥ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಗುಳ್ಳೆ ತುಂಬಿದ ಜೀವಕೋಶಗಳನ್ನು ವರ್ಣಿಸಿದರು. ಅವು ಮೃದ್ವಸ್ಥಿಯಿಂದ ಹುಟ್ಟಿದವೆಂದು ಅವರು ಭಾವಿಸಿದ್ದರು. ಮರುವರ್ಷವೇ ಹೈನ್ರಿಕ್ ಮುಲ್ಲರ್ ಬೇರೆ ಮಾತು ಹೇಳಿದರು. ಗರ್ಭದ ಶಿಶುವಿಗೆ ಬೆನ್ನುಮೂಳೆ ಮೂಡುವ ಮುನ್ನ ಆಧಾರವಾಗಿರುವ ನೋಟೊಕಾರ್ಡ್ ಎಂಬ ಎಳೆಯ ಉಳಿಕೆಯೇ ಇದರ ಮೂಲ ಎಂಬುದು ಅವರ ವಾದ. ಅದೇ ಸರಿಯಾಯಿತು. 1894ರಲ್ಲಿ ಹ್ಯೂಗೋ ರಿಬರ್ಟ್ ಕಾರ್ಡೋಮಾ ಎಂಬ ಹೆಸರನ್ನು ಬಳಕೆಗೆ ತಂದರು.

1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದರು. ಆದರೆ ಈ ಗಡ್ಡೆ ಹೆಚ್ಚಾಗಿ ಬೆಳೆಯುವ ಜಾಗಗಳಲ್ಲೊಂದು ಸೊಂಟದ ಕೆಳಗಿನ ತ್ರಿಕೋನಾಕಾರದ ಮೂಳೆ. ಆ ಮೂಳೆ ಬಾಗಿರುತ್ತದೆ, ಮುಂದೆ ಕರುಳಿನ ವಾಯು ಅಡ್ಡಬರುತ್ತದೆ. ಸಾದಾ ಎಕ್ಸ್‌ರೇಯಲ್ಲಿ ಗಡ್ಡೆ ತಪ್ಪಿಸಿಕೊಳ್ಳುವುದು ಸುಲಭ. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ನಡೆಯಿತು. ಮೂಳೆ ಎಲ್ಲಿ ಸವೆದಿದೆ ಎಂದು ಸಿ.ಟಿ. ತೋರಿದರೆ, ಗಡ್ಡೆ ನರಗಳ ಕಡೆಗೆ ಎಷ್ಟು ಚಾಚಿದೆ ಎಂದು ಅನಂತರ ಬಂದ ಎಂ.ಆರ್.ಐ. ತೋರಿತು.

ನಾಲ್ಕು ತಾಲ್ಲೂಕುಗಳ ರೋಗಿಗೆ ಇಂಥ ಪರೀಕ್ಷೆಯ ದಾರಿ ಬೆಂಗಳೂರಿನತ್ತಲೇ. ಅಲ್ಲಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಆರಂಭವಾಯಿತು. 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1958ರಲ್ಲಿ ಡಾ. ಆರ್.ಎಂ. ವರ್ಮ ಅವರಿಂದ ನರಶಸ್ತ್ರಚಿಕಿತ್ಸೆಗೆ ನಾಂದಿಯಾಯಿತು. ಆ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ನೆರೆಯಲ್ಲೇ 1973ರಲ್ಲಿ ಕಿದ್ವಾಯಿ ಗಂಥಿ ಸಂಸ್ಥೆ ತಲೆಯೆತ್ತಿತು. ಸುಮಾರು 50 ಕಿ.ಮೀ. ದೂರದ ಹಳ್ಳಿಗಾಡಿನ ರೋಗಿಗಳಿಗೆ ಶಸ್ತ್ರವೈದ್ಯರು, ಸ್ಕ್ಯಾನ್ ಓದುವವರು, ಸ್ಲೈಡು ನೋಡುವವರು ಒಂದೇ ಊರಿನಲ್ಲಿ ಸಿಗುವಂತಾಯಿತು.

ಸ್ಲೈಡು ನೋಡುವವರ ಮಾತೇ ಇಲ್ಲಿ ಮುಖ್ಯ. ಸ್ಕ್ಯಾನ್ ನೆರಳನ್ನು ತೋರುತ್ತದೆ, ಹೆಸರನ್ನಲ್ಲ. ನಮ್ಮ ದೇಶವೇ ಇದಕ್ಕೆ ಸಾಕ್ಷಿ. ಮೂರ್ಛೆ ರೋಗಿಗಳ ಮಿದುಳಿನ ಸಿ.ಟಿ.ಯಲ್ಲಿ ಕಾಣುತ್ತಿದ್ದ ಸಣ್ಣ ಚುಕ್ಕೆಯನ್ನು ಬಹುಕಾಲ ಕ್ಷಯದ ಗಂಟೆಂದು ತಿಳಿದು ಔಷಧ ಕೊಡಲಾಗುತ್ತಿತ್ತು. ಅಂಥ ಎಷ್ಟೋ ಚುಕ್ಕೆಗಳು ಲಾಡಿಹುಳುವಿನ ಮರಿಯಿಂದಾದವು ಎಂದು 1989ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ತುಣುಕು ತೆಗೆದು ತೋರಿಸಿದರು. ಬೆನ್ನುಮೂಳೆಯ ಗಡ್ಡೆಯಲ್ಲೂ ಕ್ಷಯವೆಂಬ ಅನುಮಾನ ಮೊದಲು ಮೂಡುವುದುಂಟು. ಊಹೆ ತಪ್ಪಿದರೆ ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಿರುವಾಗಲೇ ಗಡ್ಡೆ ಬೆಳೆಯುತ್ತದೆ.

ಸ್ಲೈಡಿನಲ್ಲೂ ಕಾರ್ಡೋಮಾ ಮೃದ್ವಸ್ಥಿಯ ಕ್ಯಾನ್ಸರನ್ನು ಹೋಲುತ್ತದೆ. ವಿರ್ಖೋ ಅವರನ್ನು ದಾರಿತಪ್ಪಿಸಿದ ಹೋಲಿಕೆಯೇ ಇದು. 2006ರಲ್ಲಿ ಬ್ರಾಕಿಯೂರಿ ಎಂಬ ಪ್ರೋಟೀನು ಕಾರ್ಡೋಮಾದ ಗುರುತೆಂದು ಗೊತ್ತಾದ ಮೇಲೆ, ಬಣ್ಣ ಹಾಕಿ ಅದನ್ನು ಪತ್ತೆಮಾಡುವ ಪರೀಕ್ಷೆಯಿಂದ ಈ ಗೊಂದಲ ಬಹುಮಟ್ಟಿಗೆ ನೀಗಿತು.

ಸೂಜಿಯಿಂದ ತುಣುಕು ತೆಗೆಯುವುದೂ ಅವಸರದ ಕೆಲಸವಲ್ಲ. ಸೂಜಿ ಹೋದ ದಾರಿಯಲ್ಲಿ ಗಡ್ಡೆಯ ಕಣಗಳು ಉಳಿಯುವ ಅಪಾಯವಿದೆ. ಆದ್ದರಿಂದ ಮುಂದೆ ಶಸ್ತ್ರಚಿಕಿತ್ಸೆ ಮಾಡುವವರೇ ಆ ದಾರಿಯನ್ನು ನಿಶ್ಚಯಿಸಬೇಕು. ಗಡ್ಡೆಯನ್ನು ಒಡೆಯದೆ ಇಡಿಯಾಗಿ ತೆಗೆಯಲು ಸಿಗುವ ಉತ್ತಮ ಅವಕಾಶ ಮೊದಲನೆಯದೇ.

ಕುಳಿತಾಗ ಹೆಚ್ಚುವ, ರಾತ್ರಿಯೂ ಬಿಡದ, ತಿಂಗಳುಗಟ್ಟಲೆ ಇರುವ ನೋವಿನ ಜತೆಗೆ ಮಲಮೂತ್ರದ ತೊಂದರೆ ಕಂಡರೆ ದುಡಿಮೆಯ ನೋವೆಂದು ಸುಮ್ಮನಿರಬಾರದು. ಹಳೆಯ ಫಿಲಂ, ವರದಿಗಳನ್ನು ಎಸೆಯಬಾರದು. ಸ್ಲೈಡನ್ನು ಇನ್ನೊಬ್ಬ ತಜ್ಞರಿಗೆ ತೋರಿಸಬೇಕೆಂದು ಕೇಳಿದರೆ ಮೊದಲ ವೈದ್ಯರ ಮೇಲೆ ಅಪನಂಬಿಕೆ ಇಟ್ಟಂತಲ್ಲ. ವಿರ್ಖೋ ಅಂಥವರ ಎಣಿಕೆಯೂ ಎರಡನೆಯವರ ಕಣ್ಣಿಗೆ ಬಿದ್ದ ಮೇಲೆಯೇ ತಿದ್ದಿಕೊಂಡಿತು.