ಅಕ್ಕಡಿ ಬೇಸಾಯ

ರಾಗಿಯನ್ನು ಮುಖ್ಯ ಬೆಳೆಯಾಗಿರಿಸಿಕೊಂಡು, ಅದರ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ ಮುಂತಾದವನ್ನು ಬಿತ್ತುವ, ದಕ್ಷಿಣ ಕರ್ನಾಟಕದ ಮಳೆಯಾಶ್ರಿತ ಕೆಂಪುಭೂಮಿಯ ಪ್ರಾಚೀನ ಮಿಶ್ರಕೃಷಿಪದ್ಧತಿ. ಬೆಂಗಳೂರಿನ ಪಶ್ಚಿಮದಲ್ಲಿ ಕೆಂಗೇರಿ, ತಾವರೆಕೆರೆಗಳ ಸುತ್ತಣ ರಾಗಿಯ ಸೀಮೆ ಇದಕ್ಕೆ ಸಹಜವಾದ ನೆಲೆ. ಇಂದು ನಗರದ ರಾಜಾಜಿನಗರ, ವಿಜಯನಗರಗಳು ಹಬ್ಬಿರುವ ನೆಲವೂ ಬಡಾವಣೆಗಳು ಏಳುವ ಮುನ್ನ ಹೊಲ, ತೋಟ, ಕೆರೆಗಳ ನೆಲವೇ ಆಗಿದ್ದಿತು.

ಮುಂಗಾರು ತಡವಾಗಿಯೋ, ನಡುವೆ ಕೈಕೊಟ್ಟೋ, ಕೊಯ್ಲಿನ ವೇಳೆಗೆ ಅಕಾಲವೃಷ್ಟಿಯಾಗಿಯೋ ರಾಗಿಯು ಸೊರಗಿದರೂ, ಆಳಕ್ಕೆ ಬೇರಿಳಿಸುವ ತೊಗರಿಯೂ ಮಾಗಿಯ ಇಬ್ಬನಿಯಲ್ಲಿ ಕಾಯಿಗಟ್ಟುವ ಅವರೆಯೂ ಒಕ್ಕಲು ಮನೆಯನ್ನು ಬರಿಗೈಯಾಗಗೊಡವು. ಈ ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿ ನೆಲೆಸಿದ ರೈಜೋಬಿಯಂ ಸೂಕ್ಷ್ಮಜೀವಿಗಳು ವಾಯುಮಂಡಲದ ಸಾರಜನಕವನ್ನು ಸ್ಥಿರೀಕರಿಸುವುದರಿಂದ ಯೂರಿಯಾದ ಅವಶ್ಯಕತೆಯೂ, ಅದರೊಡನೆ, ಶತವರ್ಷದ ಗಣನೆಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ತಾಪಕಾರಿಯಾದ ನೈಟ್ರಸ್ ಆಕ್ಸೈಡಿನ ವಿಸರ್ಜನೆಯೂ ತಗ್ಗುತ್ತವೆ. ನೀರು ನಿಂತ ಬತ್ತದ ಗದ್ದೆಯಿಂದ ಹೊಮ್ಮುವ, ಮತ್ತೊಂದು ತಾಪಕಾರಿ ಅನಿಲವಾದ ಮೀಥೇನು ರಾಗಿಯ ಹೊಲದಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಹುಚ್ಚೆಳ್ಳಿನ ಹಳದಿ ಹೂವು ಜೇನನ್ನು ಕರೆಯುತ್ತದೆ. ಜೋಳದ ದಂಟು ದನಗಳಿಗೆ ಮೇವು.

1964ರಲ್ಲಿ ಸ್ಥಾಪಿತವಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಈ ಪರಂಪರೆಯನ್ನು ಪರಿಷ್ಕರಿಸಿ, 8 ಸಾಲು ರಾಗಿಗೆ 2 ಸಾಲು ತೊಗರಿಯ ಕ್ರಮವನ್ನು ಶಿಫಾರಸು ಮಾಡಿದೆ. ಯಂತ್ರದ ಕಟಾವಿಗೆ ಮಿಶ್ರಬೆಳೆ ಒಗ್ಗದು, ಕಳೆ ತೆಗೆಯಲು ಆಳುಗಳು ದೊರೆಯರು. ಈ ಕಾರಣಗಳಿಂದ ಅಕ್ಕಡಿ ಕ್ಷೀಣಿಸುತ್ತಿರುವುದು ನಿಜಕ್ಕೂ ಶೋಚನೀಯ. ನಗರದಂಚಿನಲ್ಲಿ ಉಳಿದಿರುವ ಹೊಲಗಳ ರೈತರಿಗೆ ಬೀಜ, ಸಣ್ಣ ಯಂತ್ರ ಮತ್ತು ನ್ಯಾಯವಾದ ಬೆಲೆ ಒದಗಬೇಕು.