ಠಾಣೆಗೆ ಬಂದ ಇನ್ನೊಬ್ಬಳು ಚೌಟಾಲಾ

ಸಬ್ ಟಿವಿಯಲ್ಲಿ 2006ರಿಂದ 2015ರವರೆಗೆ ಬಂದ ಹಿಂದಿ ಧಾರಾವಾಹಿ ‘ಎಫ್.ಐ.ಆರ್.’ ನೋಡಿದವರಿಗೆ ಕತೆಗಿಂತ ಮೊದಲು ನೆನಪಾಗುವುದು ಒಂದು ದನಿ. ಪೊಲೀಸ್ ಅಧಿಕಾರಿ ಚಂದ್ರಮುಖಿ ಚೌಟಾಲಾ ಹರಿಯಾಣವಿಯಲ್ಲಿ ಗದರುತ್ತಿದ್ದಳು, ಕೈಗೆ ಸಿಕ್ಕವರ ಕೆನ್ನೆಗೆ ಬಾರಿಸುತ್ತಿದ್ದಳು. ಆ ಪಾತ್ರ ಮಾಡಿದ ಕವಿತಾ ಕೌಶಿಕ್ ಎತ್ತರದ ಹೆಣ್ಣು. ಕೀಕು ಶಾರದಾ ಮಾಡುತ್ತಿದ್ದ ಕಾನ್‌ಸ್ಟೇಬಲ್ ಗುಲ್ಗುಲೆ ಅವಳೆದುರು ತಲೆಯೆತ್ತಿ ನಿಂತರೆ ಅರ್ಧ ನಗು ಅಲ್ಲೇ ಹುಟ್ಟುತ್ತಿತ್ತು.

2013ರಲ್ಲಿ ಕವಿತಾ ಹೊರನಡೆದರು. ನಿರ್ಮಾಪಕರು ಅದೇ ಪಾತ್ರಕ್ಕೆ ಬೇರೆ ಮುಖ ಅಂಟಿಸಲಿಲ್ಲ. ಜ್ವಾಲಾಮುಖಿ ಚೌಟಾಲಾ ಎಂಬ ಹೊಸಬಳನ್ನು ಠಾಣೆಗೆ ಕರೆತಂದರು. ಪಾತ್ರ ಚಿತ್ರಾಶಿ ರಾವತ್ ಅವರದು. 2007ರ ‘ಚಕ್ ದೇ ಇಂಡಿಯಾ’ದ ಪುಟ್ಟ ಹಾಕಿ ಆಟಗಾರ್ತಿ ಕೋಮಲ್ ಚೌಟಾಲಾ ಆಗಿದ್ದವರು. ಪ್ರಾಸ ಸಿಕ್ಕಿತು, ಮನೆತನದ ಹೆಸರು ಉಳಿಯಿತು, ಸಿನಿಮಾದ ನೆನಪೂ ಜೊತೆಗೆ ಬಂತು. ಜಾಣತನವೇ ಸರಿ. ಆದರೆ ನಗುವಿನ ಲೆಕ್ಕ ತಪ್ಪಿತು. ಎತ್ತರದವಳು ಕೆಳಗೆ ನೋಡಿ ಗದರುವುದು ಬೇರೆ, ಗಿಡ್ಡ ಹುಡುಗಿ ಮೇಲೆ ನೋಡಿ ಗದರುವುದು ಬೇರೆ. ಎರಡನೆಯದೂ ತಮಾಷೆಯೇ, ಆದರೆ ಅದಕ್ಕೆ ಬೇರೆ ಠಾಣೆ, ಬೇರೆ ಕಾನ್‌ಸ್ಟೇಬಲ್‌ಗಳು ಬೇಕಿತ್ತು. ಸುತ್ತಲಿನದೆಲ್ಲ ಹಳೆಯ ಅಳತೆಗೇ ಹೊಲಿದದ್ದು. ಕೊನೆಗೆ ಕವಿತಾ ಮರಳಿ ಬಂದರು.

ಒಬ್ಬಳ ಮೈ ಮತ್ತು ಮಾತಿನ ಮೇಲೆ ನಿಂತ ಹಾಸ್ಯಕ್ಕೆ ಹೀಗಾಗುವುದು ಸಹಜ ಎಂದುಕೊಂಡಿದ್ದೆ. ನನ್ನೂರೇ ಆಗಿಹೋದ ಹೈದರಾಬಾದಿನಲ್ಲಿ ಇದಕ್ಕೆ ತದ್ವಿರುದ್ಧವಾದ ಕತೆಯಿದೆ. ನಾನು ತೆಲುಗು ಕಲಿತದ್ದು ಜೆಮಿನಿ ಟಿವಿಯ ‘ಅಮೃತಂ’ನ ಹಳೆಯ ಕಂತುಗಳಿಂದ. ಗುಣ್ಣಂ ಗಂಗರಾಜು ನಿರ್ಮಿಸಿದ ಈ ಧಾರಾವಾಹಿ 2001ರಿಂದ 2007ರವರೆಗೆ ನಡೆಯಿತು. ಇಲ್ಲಿ ಪೊಲೀಸರಿಲ್ಲ, ಹೋಟೆಲು ನಡೆಸಲು ಹೊರಟು ಕೈಸುಟ್ಟುಕೊಳ್ಳುವ ಇಬ್ಬರು ಗೆಳೆಯರು. ನಾಯಕ ಅಮೃತಂ ಮೊದಲು ಶಿವಾಜಿ ರಾಜಾ, ಆಮೇಲೆ ನರೇಶ್, ಆಮೇಲೆ ಹರ್ಷವರ್ಧನ್. ಹೆಸರು ಅದೇ, ಮುಖ ಮೂರು. ನಾನು ಹಿಂದುಮುಂದಾಗಿ ಕಂತುಗಳನ್ನು ನೋಡುತ್ತಿದ್ದುದರಿಂದ ಒಂದೇ ಸಂಜೆಯಲ್ಲಿ ಮೂವರೂ ಬರುತ್ತಿದ್ದರು. ಮೊದಲೆರಡು ದಿನ ಗಲಿಬಿಲಿಯಾಯಿತು, ಆಮೇಲೆ ಲಕ್ಷ್ಯಕ್ಕೇ ಬರಲಿಲ್ಲ.

ಯಾಕೆಂದರೆ ಅಮೃತಂನ ನಗು ಅಮೃತಂನಲ್ಲಿ ಇರಲಿಲ್ಲ. ಅವನು ಯೋಜನೆ ಹಾಕುವವನು, ಎಡವುವವನು. ಅಂಥವನು ಯಾರಾದರೂ ಆಗಬಹುದು. ಪಕ್ಕದಲ್ಲಿ ಬೇಡಬೇಡವೆನ್ನುತ್ತಲೇ ಹಳ್ಳಕ್ಕೆ ಬೀಳುವ ಆಂಜನೇಯುಲು ಮಾತ್ರ ಉದ್ದಕ್ಕೂ ಒಬ್ಬರೇ, ಗುಂಡು ಹನುಮಂತರಾವ್. ಮನೆ ಮಾಲೀಕ ಅಪ್ಪಾಜಿಯಾಗಿ ಶಿವನ್ನಾರಾಯಣ, ಹೋಟೆಲಿನ ಸರ್ವಂ ಆಗಿ ವಾಸು ಇಂಟೂರಿ ಇದ್ದರು. ಕಂಬಗಳು ಅಲುಗದಿದ್ದಾಗ ಬಾಗಿಲು ಬದಲಿಸಬಹುದು. (‘ಎಫ್.ಐ.ಆರ್.’ ಕನ್ನಡಕ್ಕೆ ತರಲು ಯಾರಾದರೂ ಕೊಟ್ಟರೆ ಚಂದ್ರಮುಖಿಗೆ ಧಾರವಾಡದ ಮಾತು ಕೊಟ್ಟೇನು. ಆ ಎತ್ತರವನ್ನು ಹೇಗೆ ಅನುವಾದಿಸಲಿ?)

ಗುಂಡು ಹನುಮಂತರಾವ್ 2018ರ ಫೆಬ್ರವರಿಯಲ್ಲಿ ತೀರಿಕೊಂಡರು. 2020ರ ಯುಗಾದಿಗೆ ಜೀ5ರಲ್ಲಿ ‘ಅಮೃತಂ ದ್ವಿತೀಯಂ’ ಬಂತು. ನಾಯಕ ಹರ್ಷವರ್ಧನ್ ಅವರೇ. ಆಂಜನೇಯುಲು ಆಗಿ ಎಲ್.ಬಿ. ಶ್ರೀರಾಂ. ಬಹಳ ಒಳ್ಳೆಯ ನಟ, ಟೈಮಿಂಗ್‌ನಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೂ ಮೂರು ನಾಯಕರನ್ನು ಸಲೀಸಾಗಿ ಒಪ್ಪಿದ್ದ ನಾನು ಈ ಒಬ್ಬ ಗೆಳೆಯನನ್ನು ಒಪ್ಪಲಾರದೆ ಎರಡನೇ ಕಂತಿಗೇ ನಿಲ್ಲಿಸಿದೆ. ಹಳೆಯ ಶೀರ್ಷಿಕೆ ಗೀತೆ ಮತ್ತೆ ಹಾಕಿ ಕೇಳಿದೆ. ಅದು ನಾಯಕನನ್ನು ಹೊಗಳುವ ಹಾಡಲ್ಲ. ಶುರುವಿನಲ್ಲೇ ಅದು ಕೂಗಿ ಕರೆಯುವುದು ಆಂಜನೇಯುಲುವನ್ನು.