ಕರಿಕೆ ಅಗಿದವರ ಅಂಗಳದಲ್ಲಿ ಕರಿಕೆ

ನಮ್ಮೂರು ರನ್ನ ಬೆಳಗಲಿ. ಹತ್ತನೆಯ ಶತಮಾನದ ಕವಿ ರನ್ನನ ಊರೆಂದು ಹೊರಗಿನವರಿಗೆ ಗೊತ್ತು. ಊರೊಳಗಿನ ನಮಗೆ ಅದು ಕಬ್ಬಿನ, ಎರೆಹೊಲದ, ಕರಿಕೆಯ ಊರು. ಪುಸ್ತಕದಲ್ಲಿ ಗರಿಕೆ ಎಂದು ಬರೆಯುವುದನ್ನು ನಾವು ಕರಿಕೆ ಎನ್ನುತ್ತೇವೆ. ಚೌತಿಯ ದಿನ ಗಣಪತಿಗೆ ಇಪ್ಪತ್ತೊಂದು ಎಸಳು ಏರಿಸಿ ಕೈಮುಗಿಯುವ ಹುಲ್ಲನ್ನೇ ಉಳಿದ ದಿನಗಳಲ್ಲಿ ಬೈಯುತ್ತ ಅಗಿಯುತ್ತೇವೆ.

ಅಪ್ಪನ ಬೇಸಿಗೆಗಳು ಅದರಲ್ಲೇ ಕಳೆದವು. ಎರೆ ಬಿರುಕು ಬಿಟ್ಟ ಮೇಲೆ ಆಳಕ್ಕೆ ಅಗಿದು, ದೊಡ್ಡ ಹೆಂಟೆಗಳನ್ನು ಮಗುಚಿ, ಬೇರು ಬಿಸಿಲಿಗೆ ಒಣಗುವಂತೆ ಬಿಡಬೇಕು. ಬರೀ ನೇಗಿಲು ಹೊಡೆದರೆ ಕರಿಕೆಗೆ ಉಪಕಾರವೇ ಆಗುತ್ತದೆ. ತುಂಡಾದ ಒಂದೊಂದು ಗಣ್ಣೂ ಹೊಸ ಗಿಡವಾಗುತ್ತದೆ. ಅಪ್ಪನ ಬೆನ್ನು ಬಾಗಿದ್ದರಲ್ಲಿ ಈ ಹುಲ್ಲಿನ ಪಾಲು ದೊಡ್ಡದು.

ಹೊಸ ಮನೆ ಕಟ್ಟಿದಾಗ ಮುಂದೆ ಹಸಿರು ಹಾಸಿರಬೇಕೆಂಬ ಆಸೆ ನನಗೆ ಹುಟ್ಟಿತು. ನರ್ಸರಿಯಿಂದ ಚಾಪೆಯಂತೆ ಸುತ್ತಿದ ಹುಲ್ಲು ತಂದು ಹಾಸಿದೆ. ಕಾಲುವೆ ನೀರು ನಿಂತು, ಬೋರ್‌ವೆಲ್ ಸೊರಗಿದ ಬೇಸಿಗೆಯಲ್ಲಿ ಅದು ಗೋಣಿತಾಟಿನ ಬಣ್ಣಕ್ಕೆ ತಿರುಗಿತು. ಕಬ್ಬಿಗೇ ನೀರಿಲ್ಲದಾಗ ಹುಲ್ಲಿಗೆ ಪೈಪ್ ಹಿಡಿದು ನಿಲ್ಲಲು ನನಗೂ ನಾಚಿಕೆಯಾಯಿತು. ಈ ಆಸೆ ನನಗೆ ಬಂದದ್ದಾದರೂ ಎಲ್ಲಿಂದ ಎಂದು ಹುಡುಕುತ್ತ ಹೋದೆ.

ಹುಲ್ಲುಹಾಸು ಇಂಗ್ಲೆಂಡಿನ ಸಿರಿವಂತರ ಬಂಗಲೆಗಳ ಶೋಕಿ. ಅಲ್ಲಿ ಮಳೆ ತಾನೇ ನೀರುಣಿಸುತ್ತದೆ, ಬಿಸಿಲು ಸುಡುವುದಿಲ್ಲ. 1830ರಲ್ಲಿ ಎಡ್ವಿನ್ ಬಡಿಂಗ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಅದು ಮಧ್ಯಮವರ್ಗದ ಅಂಗಳಕ್ಕೂ ಇಳಿಯಿತು. ವಸಾಹತಿನ ಜೊತೆ ನಮ್ಮಲ್ಲಿಗೂ ಬಂತು. ಒಂದು ಕಾಲಕ್ಕೆ ಮರಗಿಡ ತುಂಬಿದ್ದ ತಾಜ್‌ಮಹಲಿನ ತೋಟ ಹುಲ್ಲುಹಾಸಾದದ್ದು ಲಾರ್ಡ್ ಕರ್ಜನ್ ವೈಸ್‌ರಾಯ್ ಆಗಿದ್ದ ದಿನಗಳಲ್ಲಿ.

ಆದರೆ ಇಂಗ್ಲೆಂಡಿನ ಹುಲ್ಲುಗಳು ಬಯಲುಸೀಮೆಯ ಬಿಸಿಲಿಗೆ ತಾಳಲಿಲ್ಲ. ಇಲ್ಲಿನ ಹುಲ್ಲುಹಾಸುಗಳಿಗೆ ಆಸರೆಯಾದದ್ದು ರೈತರು ಅಗಿದು ಬದುವಿಗೆ ಎಸೆಯುತ್ತಿದ್ದ ಕರಿಕೆಯೇ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಸೈನೊಡಾನ್ ಅಂದರೆ ಗ್ರೀಕಿನಲ್ಲಿ ನಾಯಿಹಲ್ಲು. ಬೇಟೆನಾಯಿಗೆ ಹೆಸರಾದ ಮುಧೋಳದ ಮಣ್ಣಿನಲ್ಲಿ ಈ ಹೆಸರು ಓದಿ ನಕ್ಕೆ. ಅಮೆರಿಕಕ್ಕೆ ಹೋದ ಮೇಲೆ ಅದು ಬರ್ಮುಡಾ ಹುಲ್ಲಾಯಿತು.

ಅಲ್ಲಿಯೂ ಹತ್ತಿ ಬೆಳೆಗಾರರಿಗೆ ಅದು ಶಾಪವೇ. ಜಾರ್ಜಿಯಾದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ಇದೇ ಕಳೆಯನ್ನು ಆಫ್ರಿಕದ ಒಂದು ಸಣ್ಣೆಲೆಯ ಸೋದರ ಹುಲ್ಲಿನೊಂದಿಗೆ ಸಂಕರ ಮಾಡಿದರು. 1956ರಲ್ಲಿ ಟಿಫ್‌ಗ್ರೀನ್, 1960ರಲ್ಲಿ ಟಿಫ್‌ವೇ ಬಂದವು. ಒಂದರಲ್ಲಿ 36, ಇನ್ನೊಂದರಲ್ಲಿ 18 ವರ್ಣತಂತುಗಳು. ಹುಟ್ಟಿದ ಸಂಕರದಲ್ಲಿ 27. ಹಾಗಾಗಿ ಅದು ಬೀಜ ಕಟ್ಟುವುದಿಲ್ಲ, ಗಣ್ಣಿನಿಂದಲೇ ನೆಡಬೇಕು. ಜಗತ್ತಿನ ಎಷ್ಟೋ ಗಾಲ್ಫ್ ಮೈದಾನಗಳು ಈ ಕುಲದವು. ಇದೇ ಬರ್ಟನ್ ಬೆಳೆಸಿದ ಟಿಫ್ಟ್ 23ಎ ಎಂಬ ಸಜ್ಜೆಯ ತಳಿಯಿಂದ ಭಾರತದ ಮೊದಲ ಹೈಬ್ರಿಡ್ ಸಜ್ಜೆ ಎಚ್‌ಬಿ-1 1965ರಲ್ಲಿ ಹೊರಬಂತು. ನಮ್ಮ ರೊಟ್ಟಿಗೂ ಅವರ ಮೈದಾನಕ್ಕೂ ಒಬ್ಬನೇ ಮನುಷ್ಯ ದುಡಿದಿದ್ದ.

ಇಷ್ಟು ಓದಿ ಅಂಗಳವನ್ನು ಮೂರು ಮಡಿ ಮಾಡಿದೆ. ಒಂದರಲ್ಲಿ ಕೊರಿಯನ್ ಹುಲ್ಲು, ಒಂದರಲ್ಲಿ ಅಗಲೆಲೆಯ ಬಫೆಲೊ ಹುಲ್ಲು, ಮೂರನೆಯದರಲ್ಲಿ ನಮ್ಮ ಹೊಲದ ಬದುವಿನ ಕರಿಕೆ. ಅಪ್ಪ ಕಟ್ಟೆಯ ಮೇಲೆ ಕೂತು ನೋಡಿದರು.

“ಅಲ್ಲೋ ತಮ್ಮಾ, ಜನ್ಮ ಎಲ್ಲಾ ನಾ ಅದನ್ನ ಅಗದ ಒಗದೇನಿ. ನೀ ಮನಿ ಮುಂದ ತಂದ ಹಚ್ಚಾಕತ್ತೀಯಲ್ಲ?”

ಉತ್ತರ ಹೊಳೆಯಲಿಲ್ಲ.

ಎರಡು ಬೇಸಿಗೆ ಕಳೆದವು. ಕೊರಿಯನ್ ಹುಲ್ಲು ನಿಧಾನಕ್ಕೆ ಬೆಳೆಯುವುದರಿಂದ ಕತ್ತರಿಸುವ ಕೆಲಸ ಕಡಿಮೆ, ಆದರೆ ಕಳೆ ಕೀಳುವ ಕೆಲಸ ಹೆಚ್ಚು. ಬಫೆಲೊ ಬೇವಿನ ನೆರಳಲ್ಲಿ ಚೆನ್ನಾಗಿತ್ತು, ಬಿಸಿಲಲ್ಲಿ ನೀರು ಕೇಳಿತು. ಕರಿಕೆ ನೆರಳಲ್ಲಿ ಸೊರಗಿತು. ಬಿಸಿಲಿನ ಮಡಿಯಲ್ಲಿ ನೀರಿಲ್ಲದೆ ಕಂದಿ ಸತ್ತಂತೆ ಕಂಡರೂ ಮೊದಲ ಮಳೆಗೆ ಎದ್ದು ನಿಂತಿತು. ಈಗ ಬಿಸಿಲಿಗೆ ಕರಿಕೆ, ನೆರಳಿಗೆ ಬಫೆಲೊ ಉಳಿಸಿಕೊಂಡಿದ್ದೇನೆ. ಕಡಿಮೆ ಆರೈಕೆಯ ಹುಲ್ಲು ಯಾವುದೆಂದು ಕೇಳುವ ಮೊದಲು, ಯಾವ ನೆಲಕ್ಕೆ ಎಂದು ಕೇಳಬೇಕು.

ಕಳೆದ ಮಳೆಗಾಲದಲ್ಲಿ ಕರಿಕೆ ಹೂವಿನ ಮಡಿಗೆ ನುಗ್ಗಿತು. ಬೆಳಿಗ್ಗೆ ಎದ್ದು ಬಂದರೆ ಅಪ್ಪ ಮಡಿಯ ಅಂಚಿಗೆ ಒಂದು ಮೊಳ ತಗ್ಗು ತೆಗೆದು ಫರಸಿ ಕಲ್ಲು ನಿಲ್ಲಿಸುತ್ತಿದ್ದರು.

“ಇರಲಿ ಬಿಡು,” ಎಂದರು. “ಆದ್ರ ಇದರ ಮ್ಯಾಲ ಒಂದ ಕಣ್ಣ ಇಟ್ಟಿರು.”

ಆಮೇಲೆ ಚಪ್ಪಲಿ ಬಿಟ್ಟು ಅದರ ಮೇಲೆ ನಾಲ್ಕು ಹೆಜ್ಜೆ ನಡೆದರು.